ದವಡೆಯ ಕೀಲಿಗೆ ಎರಡು ದಾರಿ

ಕಿವಿಯ ಮುಂದೆ ಬೆರಳಿಟ್ಟು ಬಾಯಿಯನ್ನು ತೆರೆದು ಮುಚ್ಚಿದರೆ ಚರ್ಮದಡಿಯಲ್ಲಿ ಗುಂಡನೆಯ ಮೂಳೆಯೊಂದು ಮುಂದೆ ಜಾರಿ ಹಿಂದಕ್ಕೆ ಬರುವುದು ಯಾರಿಗಾದರೂ ತಿಳಿಯುತ್ತದೆ. ಕೆಳದವಡೆಯ ಈ ತುದಿಯು ತಲೆಬುರುಡೆಯ ಕುಳಿಯಲ್ಲಿ ಬಾಗಿಲ ತಿರುಗಣಿಯಂತೆ ತಿರುಗುವುದಲ್ಲದೆ ಮುಂದಕ್ಕೆ ಸರಿಯಲೂ ಬಲ್ಲುದಾದ್ದರಿಂದಲೇ ನಾವು ಬಾಯ್ತುಂಬ ಆಕಳಿಸುತ್ತೇವೆ. ಅದನ್ನು ಹೊತ್ತ ಕೊರಳಾದರೋ ಬಹು ತೆಳುವಾದುದು. ಗದ್ದಕ್ಕೆ ಬಿದ್ದ ಪೆಟ್ಟು ದವಡೆಯ ಗುಂಟ ಸಾಗಿ ಈ ಕೊರಳನ್ನು ಮುರಿಯುತ್ತದೆ. ಕವಾಯತಿನ ನಡುವೆ ಬವಳಿ ಬಂದು ಮುಗ್ಗರಿಸುವ ಸಿಪಾಯಿಗಳಲ್ಲಿ ಗದ್ದವೂ ಎರಡು ಕಡೆಯ ಕೊರಳೂ ಒಮ್ಮೆಗೇ ಮುರಿಯುವುದನ್ನು ಕಂಡ ಆಂಗ್ಲ ವೈದ್ಯರು ಅದಕ್ಕೆ ಗಾರ್ಡ್ಸ್‌ಮನ್ ಫ್ರಾಕ್ಚರ್ ಎಂದೇ ಹೆಸರಿಟ್ಟರು. ನಮ್ಮಲ್ಲಿ ಆ ಪೆಟ್ಟನ್ನು ಕೊಡುವುದಕ್ಕೆ ಗದ್ದ ಮುಚ್ಚದ ಹೆಲ್ಮೆಟ್ಟೂ ಒಂದು ಸ್ಕೂಟರೂ ಸಾಕು.

ಹಲ್ಲುಸಾಲುಗಳೆರಡಕ್ಕೂ ಲೋಹದ ಪಟ್ಟಿ ಕಟ್ಟಿ, ತಂತಿಯಿಂದಲೋ ರಬ್ಬರಿನಿಂದಲೋ ಅವನ್ನು ಒಂದಕ್ಕೊಂದು ಬಿಗಿದು, ಕೆಲವು ವಾರ ರೋಗಿಯನ್ನು ಗಂಜಿ ತಿಳಿಸಾರುಗಳಲ್ಲಿ ಇರಿಸುವುದು ಹಳೆಯ ಕ್ರಮ. ಎಳೆಯ ಮೂಳೆ ಬೆಳೆಯುತ್ತ ತನ್ನ ಆಕಾರವನ್ನು ತಾನೇ ತಿದ್ದಿಕೊಳ್ಳುವುದರಿಂದ ಮಕ್ಕಳಿಗೆ ಇಂದಿಗೂ ಬಹುಮಟ್ಟಿಗೆ ಶಸ್ತ್ರವಿಲ್ಲದ ಚಿಕಿತ್ಸೆಯೇ ಯುಕ್ತ. ವಯಸ್ಕರಲ್ಲಿ ಮುರಿದ ತುಂಡು ಬಹಳ ವಾಲಿ ದವಡೆ ಗಿಡ್ಡವಾದಾಗ ಮಾತ್ರ ಶಸ್ತ್ರಕ್ರಿಯೆಯ ಪ್ರಶ್ನೆ ಏಳುತ್ತದೆ.

ತೆರೆದ ಶಸ್ತ್ರಕ್ರಿಯೆಯಲ್ಲಿ ವೈದ್ಯನು ಕಿವಿಯ ಮುಂದೆಯೋ ದವಡೆಯ ಮೂಲೆಯ ಹಿಂದೆಯೋ ಚರ್ಮವನ್ನು ಕೊಯ್ದು, ಮುರಿತವನ್ನು ಕಣ್ಣಾರೆ ಕಂಡು, ತುಂಡುಗಳನ್ನು ಹೊಂದಿಸಿ ಟೈಟಾನಿಯಂ ಪಟ್ಟಿಯನ್ನು ಸ್ಕ್ರೂಗಳಿಂದ ಬಿಗಿಯುತ್ತಾನೆ. ಆದರೆ ಚರ್ಮಕ್ಕೂ ಮೂಳೆಗೂ ನಡುವೆ, ಕಿವಿಯ ಬುಡದ ಜೊಲ್ಲುಗ್ರಂಥಿಯೊಳಗೆ, ಕಣ್ಣು ಮುಚ್ಚಿಸುವ, ತುಟಿ ಅರಳಿಸುವ ಮುಖನರವು ಕವಲೊಡೆದು ಹರಡಿದೆ. ಅದರ ಒಂದೆಳೆ ಜಗ್ಗಿದರೂ ನಗುವಾಗ ತುಟಿ ಓರೆಯಾಗುವುದುಂಟು. ಬಹುಪಾಲು ಕೆಲವು ತಿಂಗಳಲ್ಲಿ ಸರಿಹೋಗುತ್ತದೆಂಬುದು ನಿಜವಾದರೂ, ಕನ್ನಡಿಯ ಮುಂದೆ ನಿಂತ ರೋಗಿಗೆ ಆ ತಿಂಗಳುಗಳು ದೀರ್ಘವೇ.

ಹೊರಗಿನ ಈ ದಾರಿಯನ್ನು ಬಿಟ್ಟು ಬಾಯೊಳಗಿಂದಲೇ ಹೋಗುವ ಎಂಡೋಸ್ಕೋಪ್ ವಿಧಾನವು 1990ರ ದಶಕದ ಕೊನೆಯಲ್ಲಿ ಬೆಳೆದುಬಂದಿತು. ಕೆನ್ನೆಯ ಒಳಬದಿಯನ್ನು ಕೊಯ್ದು, ಮೂಳೆಯ ಮೇಲಿನ ಪೊರೆಯನ್ನೆಬ್ಬಿಸಿ ಮಾಡಿಕೊಂಡ ಕಿರುಗುಹೆಯೊಳಕ್ಕೆ, ತುದಿಯಲ್ಲಿ 30 ಡಿಗ್ರಿ ಓರೆನೋಟವುಳ್ಳ ತೆಳ್ಳನೆಯ ಕೊಳವೆಯನ್ನಿಳಿಸಿ, ಪರದೆಯಲ್ಲಿ ಮೂಡಿದ ಚಿತ್ರವನ್ನೇ ನೋಡುತ್ತ, ಮೂಲೆ ತಿರುಗಿದ ಬೈರಿಗೆಯಿಂದ ತೂತು ಕೊರೆದು ಪಟ್ಟಿಯನ್ನು ಕೂರಿಸುತ್ತಾರೆ. ಮುಖದ ಮೇಲೆ ದೊಡ್ಡ ಕಲೆಯಿಲ್ಲ. ಕೆಲವೊಮ್ಮೆ ಸ್ಕ್ರೂ ತೂರಿಸಲು ಕೆನ್ನೆಯಲ್ಲಿ ಚಿಕ್ಕದೊಂದು ಚುಚ್ಚು ಬೇಕಾದೀತು, ಅಷ್ಟೆ.

ಷ್ಮೆಲ್‌ಜೈಸನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ, ಹೊರಗಿನ ಮತ್ತು ಬಾಯೊಳಗಿನ ದಾರಿಗಳ ಹೋಲಿಕೆಯಲ್ಲಿ ಬಾಯಿಯ ಚಲನೆ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಸಮವಾಗಿದ್ದು, ಎಂಡೋಸ್ಕೋಪಿನ ಕ್ರಮಕ್ಕೆ ಕಾಲ ಹೆಚ್ಚು ಹಿಡಿದರೂ ನರಕ್ಕಾದ ಹಾನಿ ಕಡಿಮೆಯಿತ್ತು. ಇದರಿಂದ ಹೊಸದೇ ಎಲ್ಲೆಡೆಯೂ ಮೇಲೆಂದು ತೀರ್ಮಾನಿಸತಕ್ಕದ್ದಲ್ಲ. ಮುರಿತವು ಕೊರಳಿನ ಕೆಳಭಾಗದಲ್ಲಿದ್ದು ತುಂಡು ಹೊರಮಗ್ಗುಲಿಗೆ ಸರಿದಿದ್ದರೆ ಬಾಯೊಳಗಿನ ದಾರಿ ಸುಗಮ. ತುಂಡು ಒಳಕ್ಕೆ ವಾಲಿದ್ದರೆ, ಮೂಳೆ ಚೂರುಚೂರಾಗಿದ್ದರೆ, ಕೈ ಇನ್ನೂ ಪಳಗಿಲ್ಲದಿದ್ದರೆ, ಹೊರಗಿನ ಕೊಯ್ತವೇ ನನ್ನ ಮಟ್ಟಿಗೆ ಪ್ರಾಮಾಣಿಕವಾದ ಆಯ್ಕೆ.

ಓದುಗರಲ್ಲಿ ಒಂದು ವಿಜ್ಞಾಪನೆ: ಮಗು ಬಿದ್ದು ಗದ್ದ ಸೀಳಿದಾಗ ಹೊಲಿಗೆ ಹಾಕಿಸಿ ಸುಮ್ಮನಾಗದೆ, ಬಾಯಿ ನೆಟ್ಟಗೆ ತೆರೆಯುವುದೇ, ಹಲ್ಲುಗಳು ಮೊದಲಿನಂತೆ ಕೂಡುವುವೇ ಎಂದು ನೋಡಿ, ಸಂಶಯವಿದ್ದರೆ ಕಿವಿಯ ಮುಂದಿನ ಕೀಲಿನ ಎಕ್ಸ್‌ರೇ ತೆಗೆಸಲು ವೈದ್ಯರನ್ನು ಕೇಳಿರಿ.