‘ಡಿಸ್ಕ್ರಿಮಿನೇಷನ್’ ಎಂಬ ಶಬ್ದದ ವಿಚಾರ

ಆಂಗ್ಲ ಭಾಷೆಯ ‘ಡಿಸ್ಕ್ರಿಮಿನೇಷನ್’ ಎಂಬ ಶಬ್ದವು ವೃತ್ತಪತ್ರಗಳಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಪದೇ ಪದೇ ಕೇಳಿಬರುತ್ತದೆ. ಒಬ್ಬರನ್ನು ಜಾತಿ, ವರ್ಣ, ಮತ ಅಥವಾ ಲಿಂಗದ ನಿಮಿತ್ತ ಇತರರಿಗಿಂತ ಕೀಳಾಗಿ ನಡೆಸಿಕೊಳ್ಳುವುದೇ ಅದರ ಅರ್ಥವೆಂದು ನಾವೆಲ್ಲರೂ ಬಲ್ಲೆವು. ಆದರೆ ಹಳೆಯ ಆಂಗ್ಲ ಗ್ರಂಥಗಳನ್ನೋದುವ ವಿದ್ಯಾರ್ಥಿನಿಯು ಅಲ್ಲಿ ಇದೇ ಶಬ್ದವು ಹೊಗಳಿಕೆಯಾಗಿ ಬಂದಿರುವುದನ್ನು ಕಂಡು ಬೆರಗಾಗುವಳು.

ಇದರ ಮೂಲವು ಲ್ಯಾಟಿನ್. ಆ ಭಾಷೆಯ ‘ಕೆರ್ನೆರೆ’ ಎಂಬ ಕ್ರಿಯಾಪದಕ್ಕೆ ಜರಡಿ ಹಿಡಿಯುವುದು, ಬೇರ್ಪಡಿಸುವುದು ಎಂದರ್ಥ. ಜರಡಿಗೆ ಅಲ್ಲಿರುವ ‘ಕ್ರಿಬ್ರುಂ’ ಎಂಬ ಹೆಸರೂ ಅದರ ಬಂಧುವೇ. ‘ಡಿಸ್’ ಎಂಬ ಉಪಸರ್ಗವು ಕೂಡಿ, ಎರಡರ ನಡುವಣ ಅಂತರವೆಂಬರ್ಥದ ‘ಡಿಸ್ಕ್ರಿಮೆನ್’ ಹುಟ್ಟಿತು. 17ನೆಯ ಶತಮಾನದಲ್ಲಿ ಈ ಕುಲದ ಶಬ್ದವು ಆಂಗ್ಲಕ್ಕೆ ಬಂದಾಗ, ವ್ಯತ್ಯಾಸವನ್ನರಿಯುವ ಬುದ್ಧಿ, ವಿವೇಕ ಎಂಬುದೇ ಅದರ ಅರ್ಥವಾಗಿತ್ತು. ಆ ಅರ್ಥವು ಇಂದಿಗೂ ಅಳಿದಿಲ್ಲ.

ಅನ್ಯಾಯವೆಂಬ ಅರ್ಥವು 19ನೆಯ ಶತಮಾನದ ಅಮೇರಿಕದಲ್ಲಿ ಬಲಗೊಂಡಿತು. 1865ರಲ್ಲಿ ಅಲ್ಲಿ ಗುಲಾಮಗಿರಿಯು ರದ್ದಾಯಿತಷ್ಟೆ. ಆದರೆ ಬಿಡುಗಡೆ ಹೊಂದಿದವರಿಗೆ ಶಾಲೆಯಲ್ಲಿ, ರೈಲುಗಾಡಿಯಲ್ಲಿ, ಮತ ನೀಡುವಲ್ಲಿ ಅಡ್ಡಿಗಳು ಎದ್ದವು. ಸಂಕೋಲೆಯಿಲ್ಲದ ಈ ಹೊಸ ಹಿಂಸೆಗೆ ಹಳೆಯ ಶಬ್ದವೊಂದು ಹೆಸರಾಯಿತು.

ಹಿಟ್ಟನ್ನು ಜರಡಿ ಹಿಡಿದು ತೌಡನ್ನು ತೆಗೆಯುವವಳನ್ನು ಅನ್ಯಾಯಗಾರಳೆಂದು ಯಾರೂ ಕರೆಯರು. ಹಿಟ್ಟನ್ನು ನೋಡದೆ, ಅದು ಬಂದ ಚೀಲದ ಬಣ್ಣವನ್ನೇ ನೋಡಿ ಚೆಲ್ಲಿಬಿಟ್ಟರೆ? ಎರಡು ಅರ್ಥಗಳ ನಡುವಣ ಭೇದವು ನಮಗೆ ಇಲ್ಲಿಯೇ ಕಾಣುತ್ತದೆ. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 15ನೆಯ ಅನುಚ್ಛೇದವೂ ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಇವುಗಳನ್ನು ‘ಮಾತ್ರ’ ಆಧಾರವಾಗಿಟ್ಟು ರಾಜ್ಯವು ಭೇದವೆಣಿಸಬಾರದೆನ್ನುತ್ತದೆ. ಆದರೂ ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು ಅದೇ ಅನುಚ್ಛೇದವು ಅವಕಾಶ ಕೊಟ್ಟಿದೆ. ಬೇರ್ಪಡಿಸಿ ನೋಡುವುದೆಲ್ಲವೂ ದೋಷವಾಗಿದ್ದಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ.

ಆಂಗ್ಲರ ಶಬ್ದವೊಂದೇ ಹೀಗೆ ಎರಡು ಮುಖದ್ದೆಂದು ತಿಳಿಯಬೇಕಾಗಿಲ್ಲ. ಇದಕ್ಕೆ ನಾವು ಕನ್ನಡದಲ್ಲಿ ಬಳಸುವ ‘ತಾರತಮ್ಯ’ವು ಸಂಸ್ಕೃತದ ‘ತರ’, ‘ತಮ’ ಎಂಬೆರಡು ಪ್ರತ್ಯಯಗಳಿಂದಾದದ್ದು. ಉಚ್ಚತರ, ಉಚ್ಚತಮ ಎಂಬಲ್ಲಿ ಕಾಣುವವು ಇವೇ. ಹೆಚ್ಚು ಕಡಿಮೆಗಳ ಅಳತೆ ಎಂಬುದಷ್ಟೇ ಅದರ ಮೂಲಾರ್ಥ. ಆದುದರಿಂದಲೇ ನಮ್ಮಲ್ಲಿ ತಾರತಮ್ಯ ತಿಳಿಯದವನೆಂದರೂ ಬೈಗುಳ, ತಾರತಮ್ಯ ಮಾಡುವವನೆಂದರೂ ಬೈಗುಳ.