ಹೊಳೆಯ ದಂಡೆಗೊಂದು ಪುಟ್ಟ ಕಾವಲುಗಾರ

ಕೃಷ್ಣೆ, ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಬಾವಿಯಂಥ ಗೋಡೆಯೊಂದು ಕಾಯುತ್ತಿದೆ. ದಂಡೆಯ ಮೇಲಿನ ರೈತನ ಪಂಪಿಗಾದರೋ ಅಂಥ ಗೋಡೆಯಿಲ್ಲ. ಮೇಲಣ ಆಲಮಟ್ಟಿಯಿಂದ ನೀರು ಬಿಟ್ಟ ರಾತ್ರಿ ಅವನನ್ನು ಎಬ್ಬಿಸುವವರಾರು?

ಅಂಗೈಯಗಲದ ಗಣಕಯಂತ್ರವೊಂದು ಈ ಕೆಲಸವನ್ನು ಮಾಡಬಲ್ಲುದು. 2012ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಇಂಥದು. ಅದರ ಈಗಿನ ಮುಖ್ಯ ಮಾದರಿಗಳ ಅಂಚಿನಲ್ಲಿ 40 ಪಿನ್ನುಗಳ ಸಾಲಿದೆ. ಕೆಲವು ವಿದ್ಯುತ್ತಿಗೆ ಮೀಸಲು. ಉಳಿದ ಬಹುತೇಕ ಪಿನ್ನುಗಳನ್ನು ಕಿವಿಯಾಗಿಯೋ ಕೈಯಾಗಿಯೋ ನಾವೇ ನೇಮಿಸಬೇಕು.

ನೀರು ಏರಿದೊಡನೆ ತೇಲುವ ಸ್ವಿಚ್ಚು ಕೂಡಿಕೊಂಡು ‘ಕಿವಿ’ಯ ಪಿನ್ನಿಗೆ 3.3 ವೋಲ್ಟು ಮುಟ್ಟಿಸುತ್ತದೆ. ಯಂತ್ರವು ಅದನ್ನು ‘ಒಂದು’ ಎಂದು ಓದುತ್ತದೆ. ಸ್ವಿಚ್ಚು ತೆರೆದಿರುವಾಗ ಪಿನ್ನು ಅತಂತ್ರವಾಗದಂತೆ ರೋಧಕವೊಂದರ ಮೂಲಕ ಅದನ್ನು ಸೊನ್ನೆಗೆ ಬಿಗಿದಿಡಬೇಕು. ಇಲ್ಲವಾದರೆ ಪಕ್ಕದ ತಂತಿಯ ಗದ್ದಲವೂ ಪ್ರವಾಹವೆಂದು ತೋರೀತು. ಸುಳ್ಳು ಕೂಗು ಎರಡು ಬಾರಿ ಎಬ್ಬಿಸಿದರೆ ಮೂರನೆಯ ಬಾರಿ ಯಾರೂ ಏಳರು!

‘ಕೈ’ಯ ಪಿನ್ನಿನ ಬಲ ಕೆಲವೇ ಮಿಲಿ ಆಂಪಿಯರು. ಭೋಂಗಾ ಊದಿಸಲು ಅದು ಸಾಲದು. ಅದು ಟ್ರಾನ್ಸಿಸ್ಟರಿಗೆ ಸನ್ನೆ ಮಾಡಬೇಕು, ಟ್ರಾನ್ಸಿಸ್ಟರು ರಿಲೇಯನ್ನು ಎಳೆಯಬೇಕು, ಭೋಂಗಾದ ಭಾರವನ್ನು ರಿಲೇ ಹೊರಬೇಕು. ಇನ್ನೊಂದು ಎಚ್ಚರಿಕೆ: ಈ ಪಿನ್ನುಗಳಿಗೆ 5 ವೋಲ್ಟು ತಗುಲಿದರೂ ಯಂತ್ರ ಕೆಡಬಹುದು.

ಕಲಿಯುವ ಹುಡುಗರು ಮೊದಲು ಒಂದು ದೀಪವನ್ನು ಮಿನುಗಿಸಿ ಹಿಗ್ಗುತ್ತಾರೆ. ಹಿಗ್ಗಲಿ. ಆದರೆ ಅದೇ ತಂತಿಯನ್ನು ಹೊಳೆಯ ದಂಡೆಯವರೆಗೆ ಎಳೆದರೆ, ಕಲಿತ ವಿದ್ಯೆ ಒಂದು ಮನೆಯ ಪಂಪನ್ನು ಉಳಿಸೀತು.