ವಿದ್ಯುತ್ ಮೋಟಾರುಗಳ ಸುರುಳಿಗಳಿಗೆ ಸರ್ಜ್ ವೋಲ್ಟೇಜ್ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ನೀರಾವರಿ ಪಂಪ್‌ಸೆಟ್, ಹಿಟ್ಟಿನ ಗಿರಣಿ, ಕುಡಿಯುವ ನೀರಿನ ಸ್ಥಾವರ ಮತ್ತು ಸಣ್ಣ ಕೈಗಾರಿಕೆಗಳಲ್ಲಿ ಬಳಸುವ ಮೋಟಾರು ಸುಟ್ಟುಹೋದಾಗ ಅದನ್ನು ರೀವೈಂಡಿಂಗ್ ಮಾಡಿಸಿ ಪುನಃ ಅಳವಡಿಸುವುದು ವಾಡಿಕೆಯಾಗಿದೆ. ಹೀಗೆ ದುರಸ್ತಿಯಾದ ಮೋಟಾರು ಕೆಲವೇ ದಿನಗಳಲ್ಲಿ ಮತ್ತೆ ಸುಟ್ಟುಹೋಗುವ ಪ್ರಸಂಗಗಳೂ ಉಂಟು. ಕೊಳವೆಬಾವಿಯ ಮೋಟಾರಾಗಿದ್ದಲ್ಲಿ ಅದನ್ನು ಮೇಲೆತ್ತುವ ಹಾಗೂ ಇಳಿಸುವ ವೆಚ್ಚವನ್ನು ರೈತರು ಎರಡನೆಯ ಬಾರಿ ಭರಿಸಬೇಕಾಗುವುದಲ್ಲದೆ, ಬೇಸಿಗೆಯಲ್ಲಿ ಬೆಳೆ ಒಣಗುವ ಅಪಾಯವೂ ಇರುತ್ತದೆ. ಇಂತಹ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಲು ನೆರವಾಗುವ ಸರ್ಜ್ ವೋಲ್ಟೇಜ್ ಪರೀಕ್ಷೆಯ ಕುರಿತು ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಸುರುಳಿಯಲ್ಲಿ ದೋಷ ಉಂಟಾಗುವ ಬಗೆ

ಮೋಟಾರಿನ ಸ್ಟೇಟರ್ ಭಾಗದಲ್ಲಿ ಎನಾಮಲ್ ಲೇಪಿಸಿದ ತಾಮ್ರದ ತಂತಿಯನ್ನು ಹಲವು ಸುತ್ತುಗಳಾಗಿ ಸುತ್ತಿ ಸುರುಳಿಗಳನ್ನು ರಚಿಸಲಾಗಿರುತ್ತದೆ. ಇದರಲ್ಲಿ ಎರಡು ಬಗೆಯ ನಿರೋಧಕಗಳಿರುತ್ತವೆ. ಮೊದಲನೆಯದು ಸುರುಳಿಗೂ ಕಬ್ಬಿಣದ ದೇಹಕ್ಕೂ ನಡುವೆ ಇರುವ ಸ್ಲಾಟ್ ಕಾಗದ ಮುಂತಾದ ಮುಖ್ಯ ನಿರೋಧಕ. ಎರಡನೆಯದು ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವ ತೆಳುವಾದ ಎನಾಮಲ್ ಮತ್ತು ವಾರ್ನಿಷ್ ಪದರ. ತಂತಿಯನ್ನು ಸ್ಲಾಟಿಗೆ ತುರುಕುವಾಗ ಎನಾಮಲ್ ಕೆರೆದುಹೋಗುವುದು, ವಾರ್ನಿಷ್ ಸರಿಯಾಗಿ ಹೀರಿಕೊಳ್ಳದಿರುವುದು, ಅತಿಯಾದ ಉಷ್ಣತೆ, ಕಂಪನ ಮತ್ತು ತೇವಾಂಶ ಈ ಪದರವನ್ನು ದುರ್ಬಲಗೊಳಿಸುತ್ತವೆ. ಉಷ್ಣತೆಯು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಂತೆ ನಿರೋಧಕದ ಬಾಳಿಕೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಅನುಸರಿಸುವ ಸ್ಥೂಲ ನಿಯಮವಾಗಿದೆ.

ಪಕ್ಕಪಕ್ಕದ ಎರಡು ಸುತ್ತುಗಳು ಒಂದಕ್ಕೊಂದು ತಗುಲಿದಾಗ ಆ ಸುತ್ತು ತನ್ನಲ್ಲಿಯೇ ಮುಚ್ಚಿದ ಮಂಡಲವಾಗಿ, ಟ್ರಾನ್ಸ್‌ಫಾರ್ಮರಿನ ಶಾರ್ಟ್ ಆದ ಎರಡನೆಯ ಸುರುಳಿಯಂತೆ ವರ್ತಿಸುತ್ತದೆ. ಅದರಲ್ಲಿ ಉಂಟಾಗುವ ವೋಲ್ಟೇಜ್ ಒಂದೆರಡು ವೋಲ್ಟ್ ಮಾತ್ರವಾದರೂ, ಒಂದು ಸುತ್ತಿನ ರೋಧವು ಅತ್ಯಲ್ಪವಾಗಿರುವುದರಿಂದ ಸಾಮಾನ್ಯ ಪ್ರವಾಹದ ಹಲವು ಪಟ್ಟು ಪ್ರವಾಹ ಹರಿಯುತ್ತದೆ. ಆ ಶಾಖದಿಂದ ನೆರೆಯ ಸುತ್ತುಗಳ ಎನಾಮಲ್ ಸುಟ್ಟು, ದೋಷವು ಹರಡಿ, ಕೊನೆಗೆ ಮೋಟಾರಿನ ದೇಹಕ್ಕೂ ತಲುಪುತ್ತದೆ. ಅನೇಕ ಸಂದರ್ಭಗಳಲ್ಲಿ ದೇಹಕ್ಕೆ ಶಾರ್ಟ್ ಆಗಿದೆ ಎಂದು ಕಂಡುಬರುವ ಮೋಟಾರಿನಲ್ಲಿ ದೋಷ ಆರಂಭವಾಗಿರುವುದು ಸುತ್ತುಗಳ ನಡುವೆಯೇ.

2. ಸಾಮಾನ್ಯ ಪರೀಕ್ಷೆಗಳು ಏಕೆ ಸಾಲವು?

ದುರಸ್ತಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೆಗ್ಗರ್ ಉಪಕರಣದಿಂದ ಸುರುಳಿಗೂ ದೇಹಕ್ಕೂ ನಡುವಿನ ನಿರೋಧವನ್ನು ಅಳೆಯಲಾಗುತ್ತದೆ. ಈ ಪರೀಕ್ಷೆ ಅವಶ್ಯಕವಾದುದೇ ಆಗಿದೆ. ಆದರೆ ಅದು ಮುಖ್ಯ ನಿರೋಧಕವನ್ನು ಮಾತ್ರ ಪರಿಶೀಲಿಸುತ್ತದೆ. ಒಂದು ಫೇಸಿನ ಎಲ್ಲ ಸುತ್ತುಗಳೂ ಒಂದೇ ತಂತಿಯ ಭಾಗಗಳಾದುದರಿಂದ, ಮೆಗ್ಗರ್ ವೋಲ್ಟೇಜ್ ಅವೆಲ್ಲದರ ಮೇಲೆ ಸಮಾನವಾಗಿ ಬೀಳುತ್ತದೆ. ಸುತ್ತು ಮತ್ತು ಸುತ್ತುಗಳ ನಡುವೆ ಯಾವ ಒತ್ತಡವೂ ಉಂಟಾಗುವುದಿಲ್ಲ. ಅಧಿಕ ವೋಲ್ಟೇಜ್ ಪರೀಕ್ಷೆಗೂ ಇದೇ ಮಿತಿ ಅನ್ವಯಿಸುತ್ತದೆ.

ಸುರುಳಿಯ ರೋಧವನ್ನು ಅಳೆಯುವುದರಿಂದಲೂ ದೋಷ ಸುಲಭವಾಗಿ ತಿಳಿಯದು. ಉದಾಹರಣೆಗೆ, 200 ಸುತ್ತುಗಳಿರುವ ಫೇಸಿನಲ್ಲಿ ಒಂದು ಸುತ್ತು ಶಾರ್ಟ್ ಆದರೆ ರೋಧದಲ್ಲಾಗುವ ಬದಲಾವಣೆ ಶೇಕಡ ಅರ್ಧ ಮಾತ್ರ. ಸಾಮಾನ್ಯ ಮಲ್ಟಿಮೀಟರಿಗೆ ಇದು ಕಾಣುವುದಿಲ್ಲ. ಇನ್ನೂ ಶಾರ್ಟ್ ಆಗದೆ ಕೇವಲ ದುರ್ಬಲವಾಗಿರುವ ಜಾಗವಂತೂ ಇಂತಹ ಅಳತೆಗೆ ಸಿಗುವುದೇ ಇಲ್ಲ.

3. ಸರ್ಜ್ ಪರೀಕ್ಷೆಯ ತತ್ವ

ಈ ಪರೀಕ್ಷೆಯಲ್ಲಿ ಒಂದು ಕೆಪಾಸಿಟರನ್ನು ನಿಗದಿತ ವೋಲ್ಟೇಜಿಗೆ ಚಾರ್ಜ್ ಮಾಡಿ, ಅದನ್ನು ಒಮ್ಮೆಲೇ ಸುರುಳಿಗೆ ಹರಿಯಬಿಡಲಾಗುತ್ತದೆ. ವೋಲ್ಟೇಜ್ ಮೈಕ್ರೊಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ಏರುವುದರಿಂದ ಅದು ಸುರುಳಿಯ ಉದ್ದಕ್ಕೂ ಸಮನಾಗಿ ಹಂಚಿಕೆಯಾಗದೆ, ಅದರ ಬಹುಭಾಗ ತುದಿಯ ಮೊದಲ ಸುರುಳಿಗಳ ಮೇಲೆ ಬೀಳುತ್ತದೆ. ಇದರಿಂದ ಸುತ್ತುಗಳ ನಡುವೆ ನಿಜವಾದ ಒತ್ತಡ ಉಂಟಾಗುತ್ತದೆ. ಸಿಡಿಲು, ಸರ್ಕ್ಯೂಟ್ ಬ್ರೇಕರುಗಳ ಚಾಲನೆ ಹಾಗೂ ಇನ್ವರ್ಟರ್ ಡ್ರೈವ್‌ಗಳಿಂದ ಮೋಟಾರಿಗೆ ಬರುವ ಆಘಾತಗಳೂ ಇದೇ ಬಗೆಯವು.

ಕೆಪಾಸಿಟರ್ ಮತ್ತು ಸುರುಳಿ ಸೇರಿ ಕ್ರಮೇಣ ಕ್ಷೀಣಿಸುವ ಆಂದೋಲನವನ್ನು ಉಂಟುಮಾಡುತ್ತವೆ. ಈ ತರಂಗವು ಉಪಕರಣದ ಪರದೆಯ ಮೇಲೆ ಮೂಡುತ್ತದೆ. ಅದರ ಆವೃತ್ತಿಯು ಸುರುಳಿಯ ಇಂಡಕ್ಟನ್ಸನ್ನು ಅವಲಂಬಿಸಿರುತ್ತದೆ. ಸುತ್ತು ಶಾರ್ಟ್ ಆದರೆ ಇಂಡಕ್ಟನ್ಸ್ ಕುಗ್ಗಿ ಆವೃತ್ತಿ ಹೆಚ್ಚುತ್ತದೆ; ಇಂಡಕ್ಟನ್ಸ್ ಶೇಕಡ 10ರಷ್ಟು ಇಳಿದರೆ ಆವೃತ್ತಿ ಸುಮಾರು ಶೇಕಡ 5ರಷ್ಟು ಏರುತ್ತದೆ. ಆಗ ಪರದೆಯ ಮೇಲಿನ ತರಂಗ ಎಡಕ್ಕೆ ಸರಿಯುತ್ತದೆ.

4. ಪರೀಕ್ಷಾ ವೋಲ್ಟೇಜ್

ಗಾಳಿಯಲ್ಲಿ ಕಿಡಿ ಹಾರಲು ಕನಿಷ್ಠ ಸುಮಾರು 330 ವೋಲ್ಟ್ ಬೇಕಾಗುತ್ತದೆ. ದುರ್ಬಲ ಜಾಗದಲ್ಲಿ ಇದಕ್ಕಿಂತ ಹೆಚ್ಚಿನ ಒತ್ತಡ ಬಾರದಿದ್ದಲ್ಲಿ ದೋಷ ಹೊರಬೀಳದು. ಆದುದರಿಂದ ಪರೀಕ್ಷಾ ವೋಲ್ಟೇಜ್ ತಕ್ಕಷ್ಟು ಹೆಚ್ಚಾಗಿರತಕ್ಕದ್ದು. ಬಳಕೆಯಲ್ಲಿರುವ ಮೋಟಾರುಗಳಿಗೆ ಲೈನ್ ವೋಲ್ಟೇಜಿನ ಎರಡು ಪಟ್ಟಿಗೆ 1000 ವೋಲ್ಟ್ ಸೇರಿಸುವ ಸೂತ್ರವನ್ನು ವಾಡಿಕೆಯಲ್ಲಿ ಅನುಸರಿಸಲಾಗುತ್ತದೆ. ಅದರಂತೆ:

- 415 ವೋಲ್ಟ್ ಮೋಟಾರಿಗೆ 1,830 ವೋಲ್ಟ್
- 3,300 ವೋಲ್ಟ್ ಮೋಟಾರಿಗೆ 7,600 ವೋಲ್ಟ್
- 6,600 ವೋಲ್ಟ್ ಮೋಟಾರಿಗೆ 14,200 ವೋಲ್ಟ್

ತಯಾರಕರು ಬೇರೆ ಮಿತಿ ಸೂಚಿಸಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು. ಅಧಿಕ ವೋಲ್ಟೇಜ್ ಯಂತ್ರಗಳಿಗಾಗಿ ಮೊದಲೇ ಅಚ್ಚಿನಲ್ಲಿ ರೂಪಿಸಿದ ಹೊಸ ಸುರುಳಿಗಳಿಗೆ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60034-15ನೇ ಮಾನಕ ಅನ್ವಯವಾಗುತ್ತದೆ. ಈ ಮಟ್ಟಗಳು ಮೇಲಿನವುಗಳಿಗಿಂತ ಹೆಚ್ಚಿನವು; ಬಳಕೆಯಲ್ಲಿರುವ ಹಳೆಯ ಮೋಟಾರಿಗೆ ಅವುಗಳನ್ನು ಅನ್ವಯಿಸಬಾರದು.

5. ಫಲಿತಾಂಶವನ್ನು ಅರ್ಥೈಸುವ ಬಗೆ

ಮೂರು ಫೇಸುಗಳ ಸುರುಳಿಗಳೂ ಒಂದೇ ರೀತಿಯವಾದುದರಿಂದ ಅವುಗಳ ತರಂಗಗಳು ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಒಂದು ತರಂಗ ಬೇರೆಯಾಗಿ ನಿಂತಲ್ಲಿ, ಸುತ್ತುಗಳ ಶಾರ್ಟ್, ಸುತ್ತುಗಳ ಸಂಖ್ಯೆಯಲ್ಲಿ ತಪ್ಪು ಅಥವಾ ತಲೆಕೆಳಗಾದ ಜೋಡಣೆ ಇರಬಹುದು. ವೋಲ್ಟೇಜನ್ನು ಹಂತಹಂತವಾಗಿ ಏರಿಸುವಾಗ, ಒಂದು ಹಂತದವರೆಗೆ ಸ್ಥಿರವಾಗಿದ್ದ ತರಂಗ ಥಟ್ಟನೆ ಎಡಕ್ಕೆ ಜಿಗಿದರೆ ಅಥವಾ ಅದುರಿದರೆ, ದುರ್ಬಲ ಜಾಗದಲ್ಲಿ ಕಿಡಿ ಹಾರುತ್ತಿದೆ ಎಂದು ತಿಳಿಯತಕ್ಕದ್ದು.

ರೋಟರ್ ಜೋಡಿಸಿದ ಮೋಟಾರಿನಲ್ಲಿ ರೋಟರಿನ ಸ್ಥಾನದಿಂದಾಗಿಯೇ ಮೂರು ತರಂಗಗಳಲ್ಲಿ ವ್ಯತ್ಯಾಸ ಬರಬಹುದು, ಇದು ದೋಷವಲ್ಲ. ಆಗ ಫೇಸುಗಳನ್ನು ಪರಸ್ಪರ ಹೋಲಿಸುವ ಬದಲು, ಒಂದೇ ಫೇಸಿನ ತರಂಗವನ್ನು ಹಿಂದಿನ ಹಂತದ ತರಂಗದೊಡನೆ ಹೋಲಿಸಬೇಕು. ಸಾಧ್ಯವಾದಲ್ಲಿ ರೋಟರ್ ಕೂಡಿಸುವ ಮೊದಲೇ ಪರೀಕ್ಷಿಸುವುದು ಉತ್ತಮ. ವಾರ್ನಿಷ್ ಹಾಕುವ ಮುನ್ನ ಒಮ್ಮೆ ಕಡಿಮೆ ವೋಲ್ಟೇಜಿನಲ್ಲಿ ಪರೀಕ್ಷಿಸಿದರೆ, ದೋಷಯುಕ್ತ ಸುರುಳಿಯನ್ನು ಕಡಿಮೆ ಖರ್ಚಿನಲ್ಲಿ ಬದಲಾಯಿಸಬಹುದು.

6. ಮಿತಿಗಳು ಮತ್ತು ಸುರಕ್ಷತೆ

ಈ ಪರೀಕ್ಷೆಯು ಮೋಟಾರಿನ ಆಯುಷ್ಯಕ್ಕೆ ಖಾತರಿಯಲ್ಲ. ಕಡಿಮೆ ವೋಲ್ಟೇಜ್, ಒಂದು ಫೇಸ್ ತಪ್ಪುವುದು, ಬೇರಿಂಗ್ ಸವೆತ ಮುಂತಾದ ಕಾರಣಗಳಿಂದ ಉತ್ತಮ ಸುರುಳಿಯೂ ಸುಡಬಹುದು. ತೇವಗೊಂಡ ಸುರುಳಿಗೆ ಸರ್ಜ್ ಪರೀಕ್ಷೆ ಮಾಡಿದರೆ ಹಾನಿಯಾಗುವ ಸಂಭವವಿರುವುದರಿಂದ ಮೊದಲು ಮೆಗ್ಗರ್ ಪರೀಕ್ಷೆ ಮಾಡಿ, ಫಲಿತಾಂಶ ತೃಪ್ತಿಕರವಾಗಿದ್ದಲ್ಲಿ ಮಾತ್ರ ಮುಂದುವರಿಯತಕ್ಕದ್ದು. ಪರೀಕ್ಷಾ ವೋಲ್ಟೇಜ್ ಪ್ರಾಣಾಪಾಯಕಾರಿ. ತರಬೇತಿ ಪಡೆದವರು ಮಾತ್ರ ಇದನ್ನು ನಡೆಸತಕ್ಕದ್ದು. ಮೋಟಾರಿನ ದೇಹವನ್ನು ಭೂಸಂಪರ್ಕಗೊಳಿಸಿ, ಪರೀಕ್ಷೆಯ ನಂತರ ಸುರುಳಿಯನ್ನು ಡಿಸ್‌ಚಾರ್ಜ್ ಮಾಡದೆ ಯಾರೂ ಅದನ್ನು ಮುಟ್ಟಬಾರದು.

7. ಪರೀಕ್ಷೆ ಬಯಸುವವರು ಗಮನಿಸತಕ್ಕ ಅಂಶಗಳು

(ಅ) ಮೋಟಾರಿನ ನಾಮಫಲಕದಲ್ಲಿರುವ ಅಶ್ವಶಕ್ತಿ, ವೋಲ್ಟೇಜ್, ಪ್ರವಾಹ, ವೇಗ ಮತ್ತು ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

(ಆ) ಹಿಂದೆ ಎಷ್ಟು ಬಾರಿ ರೀವೈಂಡಿಂಗ್ ಆಗಿದೆ ಹಾಗೂ ಪ್ರತಿ ಬಾರಿ ಯಾವ ಫೇಸ್ ಸುಟ್ಟಿತ್ತು ಎಂಬ ವಿವರವನ್ನು ಪರೀಕ್ಷಕರಿಗೆ ತಿಳಿಸುವುದು.

(ಇ) ದುರಸ್ತಿಗೆ ನೀಡುವಾಗಲೇ ಸರ್ಜ್ ಪರೀಕ್ಷೆ ಬೇಕೆಂದು ಲಿಖಿತವಾಗಿ ಕೋರುವುದು ಮತ್ತು ಅದರ ಶುಲ್ಕವನ್ನು ಮುಂಚಿತವಾಗಿ ವಿಚಾರಿಸುವುದು.

(ಈ) ವರದಿಯಲ್ಲಿ ಪರೀಕ್ಷಾ ವೋಲ್ಟೇಜ್, ಮೂರು ಫೇಸುಗಳ ತರಂಗಚಿತ್ರ, ಮೆಗ್ಗರ್ ಅಳತೆ, ದಿನಾಂಕ ಹಾಗೂ ಪರೀಕ್ಷಕರ ಸಹಿ ಇರುವುದನ್ನು ಖಚಿತಪಡಿಸಿಕೊಳ್ಳುವುದು. ಕೇವಲ 'ಸರಿಯಿದೆ' ಎಂಬ ಬರಹವನ್ನು ವರದಿಯೆಂದು ಪರಿಗಣಿಸಬಾರದು.

(ಉ) ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಮುಂದಿನ ಪರೀಕ್ಷೆಯ ತರಂಗವನ್ನು ಅದರೊಡನೆ ಹೋಲಿಸಿದಾಗ ನಿರೋಧಕದ ಸ್ಥಿತಿ ಎಷ್ಟು ಬದಲಾಗಿದೆ ಎಂಬುದು ತಿಳಿಯುತ್ತದೆ.

ಮೋಟಾರನ್ನು ಕೊಳವೆಬಾವಿಗೆ ಇಳಿಸಿದ ನಂತರ ಕಂಡುಬರುವ ದೋಷಕ್ಕಿಂತ ಅಂಗಡಿಯ ಮೇಜಿನ ಮೇಲೆಯೇ ಕಂಡುಬರುವ ದೋಷ ಕಡಿಮೆ ಖರ್ಚಿನದು. ಆದ್ದರಿಂದ ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.